ದೊಡ್ಡಬಾಯಿಯ ನೌಕರಿ

ಬೈಯಲು ಹೋದವಳಿಗೆ ಫ್ಯಾಕ್ಟರಿಯವರು ಕೆಲಸ ಕೊಟ್ಟರು. ದೊಡ್ಡಬಾಯಿಯ ನೌಕರಿ ಶುರುವಾದದ್ದು ಹಾಗೆ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಕರೆಯುವವರೆಲ್ಲ ಸತ್ತುಹೋಗಿದ್ದರು. ತಲೆಯ ಮೇಲೆ ಪೊರಕೆಯ ಹೊರೆ ಹೊತ್ತು ಬೀದಿ ಬೀದಿ ಕೂಗಿಕೊಂಡು ಹೋಗುವುದು ಅವಳ ಕಸುಬು. ಬೀದಿಯ ಈ ತುದಿಯಲ್ಲಿ "ಪೊರಕೇ" ಅಂದರೆ ಆ ತುದಿಯಲ್ಲಿ ಮೇಲ್ಮಹಡಿಯ ತೊಟ್ಟಿಲ ಕೂಸು ಎದ್ದು ಅಳುತ್ತಿತ್ತು. ತಾಯಂದಿರು ಕಿಟಕಿ ತೆರೆದು "ನಿನ್ನ ಬಾಯಿ ಸೇದಿಹೋಗ" ಎಂದು ಬೈದರೆ ಇವಳು ಕತ್ತೆತ್ತಿ ಅದಕ್ಕೆ ಎರಡರಷ್ಟು ಬೈದು, ಕೊನೆಗೆ ಅವರಿಗೇ ಒಂದು ಪೊರಕೆ ಮಾರಿ, ನಗುತ್ತ ಮುಂದೆ ಹೋಗುತ್ತಿದ್ದಳು. ದೊಡ್ಡಬಾಯಿ ಎಂದು ಮೊದಲು ಕರೆದವರು ಯಾರೋ ಗೊತ್ತಿಲ್ಲ. ಅವಳಿಗೆ ಬೇಸರವೇನೂ ಇರಲಿಲ್ಲ. ಗಂಡ ಸತ್ತ ಮೇಲೆ ಅವಳನ್ನೂ ಮಗನನ್ನೂ ಸಾಕಿದ್ದು ಆ ಬಾಯಿಯೇ.

ಮಗ ಲಾರಿ ಓಡಿಸುತ್ತಿದ್ದ. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ತಗಡಿನ ಒಂದು ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆ ಶೂ ಫ್ಯಾಕ್ಟರಿಯಲ್ಲಿ ಅಂಟಿನ ಸಾಲಿನಲ್ಲಿದ್ದಳು. ಓಡುವ ಬೆಲ್ಟಿನ ಮೇಲೆ ಶೂವಿನ ತಳದ ಅಟ್ಟೆ ಬರುತ್ತದೆ. ಬ್ರಶ್ಶಿನಿಂದ ಅಂಟು ಬಳಿಯಬೇಕು, ಶೂವಿನ ಮೇಲ್ಭಾಗ ಕೂರಿಸಬೇಕು, ಒತ್ತುವ ಯಂತ್ರದ ಕಡೆ ತಳ್ಳಬೇಕು. ಅಷ್ಟರಲ್ಲಿ ಇನ್ನೊಂದು ಅಟ್ಟೆ ಬಂದಿರುತ್ತದೆ. ಕೂರುವ ಹಾಗಿಲ್ಲ. ಮಾಡಿದ ಶೂವನ್ನೇ ಕಾಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟಾರೆಂದು ಒಳಗೆ ಯಾರೂ ಏನನ್ನೂ ಮೆಟ್ಟುವ ಹಾಗಿಲ್ಲ. ದಿನವಿಡೀ ಶೂ ಮಾಡುವ ಹೆಂಗಸರು ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಿಂತಿರುತ್ತಿದ್ದರು. ಸಂಜೆ ಮನೆಗೆ ಬಂದ ಸೊಸೆಯ ಬಟ್ಟೆ, ಕೂದಲು, ಉಸಿರು ಎಲ್ಲವೂ ಅಂಟಿನ ನಾತ. ಊಟಕ್ಕೆ ಕೂತರೆ ಅನ್ನವೂ ಅದೇ ನಾತ ಹೊಡೆಯುತ್ತದೆ ಎಂದು ತಟ್ಟೆ ಸರಿಸುತ್ತಿದ್ದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಿಯಾಗಿದ್ದಳು.

ಒಂದು ಸಂಜೆ ಸೊಸೆ ಬರಲಿಲ್ಲ. ದೊಡ್ಡಬಾಯಿ ಫ್ಯಾಕ್ಟರಿಯ ಗೇಟಿಗೆ ಹೋದಳು. ಆ ದಿನ ಮಾಲು ಕಡಿಮೆ ಬಿತ್ತೆಂದು ಹೆಂಗಸರನ್ನು ಒಳಗೇ ಇಟ್ಟು ಬಾಗಿಲು ಜಡಿದಿದ್ದರು. ಕಡಿಮೆ ಬಿದ್ದದ್ದು ಅವರ ತಪ್ಪು, ಹಾಗಾಗಿ ಹೆಚ್ಚಿನ ದುಡಿಮೆಗೆ ಕೂಲಿ ಇಲ್ಲ.

"ಬಾಗ್ಲು ತೆಗಿ," ಎಂದಳು ಗೇಟಿನ ಕಾವಲುಗಾರನಿಗೆ.

"ಮಾಲು ಮುಗೀಲಿ. ತೆಗೀತಾರೆ."

"ಬಸುರಿ ಹೆಂಗ್ಸು ಕಣೋ ಒಳಗಿರೋದು. ಬೆಳಗ್ಗೆಯಿಂದ ನಿಂತಿದ್ದಾಳೆ."

"ನಾನೇನು ಬಸುರು ಮಾಡಿದ್ನಾ?" ಎಂದು ಅವನು ನಕ್ಕ.

ಅಷ್ಟು ಸಾಕಾಯಿತು. ದೊಡ್ಡಬಾಯಿ ಸೊಂಟಕ್ಕೆ ಕೈಕೊಟ್ಟು ನಿಂತಳು. ಕಾವಲುಗಾರನ ಹುಟ್ಟಿನಿಂದ ಶುರುಮಾಡಿ ಮೇಲಿನ ಗಾಜಿನ ಕೋಣೆಯವರೆಗೆ ಹೋದಳು. "ಏ ಮೇಲೆ ಕೂತಿರೋನೇ! ನಿನ್ನ ಕುರ್ಚಿಗೆ ಗೆದ್ದಲು ಹತ್ತ! ನಿನ್ನ ಹೆಂಡ್ತೀನ ಒಂದು ದಿನ ತಂದು ಈ ಅಂಟಿನ ಮುಂದೆ ನಿಲ್ಲಿಸೋ! ಅವಳ ಮೂಗಲ್ಲಿ ರಕ್ತ ಸುರಿದ್ರೆ ಅದಕ್ಕೂ ಅಂಟು ಬಳಿದು ಮುಚ್ಚುವಿಯಂತೆ!"

ಒಳಗೆ ನಡೆದದ್ದನ್ನು ಸೊಸೆ ಆಮೇಲೆ ಹೇಳಿದಳು. ಯಂತ್ರದ ಗದ್ದಲದಲ್ಲಿ ಮಾತು ತಿಳಿಯಲಿಲ್ಲವಂತೆ. ದನಿ ಮಾತ್ರ ಗೋಡೆ ತೂರಿಕೊಂಡು ಬಂತಂತೆ. ಯಾರೋ ತಮ್ಮನ್ನೇ ಗದರಿಸುತ್ತಿದ್ದಾರೆ ಎಂದುಕೊಂಡು ಸಾಲಿನ ಹೆಂಗಸರೆಲ್ಲ ತಲೆ ತಗ್ಗಿಸಿ ಕೈ ಜೋರು ಮಾಡಿದರಂತೆ. ಉಳಿದಿದ್ದ ಮಾಲು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತಂತೆ.

ಅದನ್ನು ಗಾಜಿನ ಕೋಣೆಯಲ್ಲಿದ್ದ ಇಬ್ಬರು ನೋಡಿದರು. ಒಬ್ಬ ಮ್ಯಾನೇಜರ್. ಇನ್ನೊಬ್ಬ ಕೂಲಿಯ ಖರ್ಚು ಇಳಿಸಿ ಮಾಲು ಏರಿಸುವ ದಾರಿ ಹೇಳಲು ಹೊರಗಿನಿಂದ ಕರೆಸಿದ್ದ ತಜ್ಞ. ಯಾವಾಗಲೂ ಮಣಿಕಟ್ಟು ನೋಡಿಕೊಳ್ಳುತ್ತಿದ್ದನಾದ್ದರಿಂದ ಹೆಂಗಸರು ಅವನನ್ನು ಗಡಿಯಾರ ಎನ್ನುತ್ತಿದ್ದರು. ಮರುದಿನ ದೊಡ್ಡಬಾಯಿಗೆ ಕರೆ ಬಂತು. ಪೊಲೀಸರಿಗೆ ಹಿಡಿದುಕೊಡುತ್ತಾರೆ ಎಂದುಕೊಂಡೇ ಹೋದಳು. ಮ್ಯಾನೇಜರ್ ಅವಳಿಗೆ ಕುರ್ಚಿ ತೋರಿಸಿದ. ಟೀ ತರಿಸಿದ. ಅವನು ಎಂದೂ ದನಿ ಎತ್ತಿದವನಲ್ಲ.

"ನಿನ್ನೆ ನನಗೆ ಬೈದ್ಯಲ್ಲ, ಅದೇ ಕೆಲಸ. ಸಂಬಳ ಕೊಡ್ತೀವಿ. ಆದ್ರೆ ಬೈಯೋದು ನನಗಲ್ಲ," ಎಂದು ಮೆತ್ತಗೆ ನಕ್ಕ.

ದೊಡ್ಡಬಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಏಳಬೇಕಿತ್ತು. ಏಳಲಿಲ್ಲ. ಮಂಡಿಗಳು ಹೋಗಿದ್ದವು. ಹೊರೆ ಹೊತ್ತು ಹೊತ್ತು ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಪೊರಕೆ ಈಗ ಅಂಗಡಿಯಲ್ಲೇ ಬಣ್ಣದ ಹಿಡಿ ಹಾಕಿಸಿಕೊಂಡು ಸಿಗುತ್ತಿತ್ತು. ಬೀದಿಯಲ್ಲಿ ಕೂಗಿದರೆ ಬೈಯಲೂ ಯಾರೂ ಕಿಟಕಿ ತೆಗೆಯುತ್ತಿರಲಿಲ್ಲ. ಇಲ್ಲಿ ಕುರ್ಚಿ ಇತ್ತು.

"ನನ್ನ ಸೊಸೆನ ಅಂಟಿನಿಂದ ತೆಗೀರಿ. ಹಾಗಾದ್ರೆ ಬರ್ತೀನಿ."

"ಅದಕ್ಕೇನು. ನಾಳೆಯಿಂದಲೇ ಶೂಗಳನ್ನ ಡಬ್ಬಿಗೆ ತುಂಬಿ ಕಟ್ಟೋ ಕಡೆ ಹಾಕ್ತೀನಿ."

ಕೋಣೆಯಿಂದ ಹೊರಬಿದ್ದಾಗ ಅವಳಿಗೆ ತಾನು ಗೆದ್ದೆ ಅನ್ನಿಸಿತು.

ಹೆಂಗಸರು ದುಡಿಯುವ ದೊಡ್ಡ ಹಾಲಿನ ನಟ್ಟನಡುವೆ ಕಬ್ಬಿಣದ ಎತ್ತರದ ಕಟ್ಟೆ ಮಾಡಿಸಿದರು. ಅದರ ಮೇಲೆ ಕುರ್ಚಿ. ಪಕ್ಕದಲ್ಲಿ ಫ್ಯಾನು. ಇಡೀ ಹಾಲಿನಲ್ಲಿ ಗಾಳಿ ಬೀಸುತ್ತಿದ್ದದ್ದು ಅದೊಂದೇ ಕಡೆ. ಅವಳು ಕೂತ ವಾರವೇ ಐದು ಜನ ಮೇಲ್ವಿಚಾರಕರನ್ನು ಮನೆಗೆ ಕಳಿಸಿದರು. ಅವರು ಮಾಡುತ್ತಿದ್ದ ಕೆಲಸವನ್ನೆಲ್ಲ ಒಂದು ಗಂಟಲು ಮಾಡುತ್ತದೆ ಎಂದು ಗಡಿಯಾರ ಹೇಳಿದ್ದ.

ಮೊದಮೊದಲು ಅವಳು ಬೀದಿಯಲ್ಲಿ ಬೈಯುತ್ತಿದ್ದ ಹಾಗೇ ಬೈದಳು. "ಏ ಮೂಲೆಯವಳೇ, ಅಂಟು ಹಾಕ್ತಿದ್ದೀಯಾ, ಮದುಮಗಳಿಗೆ ಅಲಂಕಾರ ಮಾಡ್ತಿದ್ದೀಯಾ?" "ಏ ಉದ್ದನವಳೇ, ನಿನ್ನ ಕೈ ಇನ್ನೂ ಮನೇಲೇ ನಿದ್ದೆ ಹೊಡೀತಿದೆಯೇನೇ?" ಹೆಂಗಸರು ನಕ್ಕರು. ನಗುತ್ತಲೇ ಕೈ ಜೋರು ಮಾಡಿದರು. ದೊಡ್ಡಬಾಯಿಗೂ ಖುಷಿ. ಊಟದ ಹೊತ್ತಿಗೆ ಕೆಳಗಿಳಿದು ಅವರ ನಡುವೆ ಕೂತು ಅವರ ಡಬ್ಬಿಯಿಂದ ತುತ್ತು ಎತ್ತಿಕೊಳ್ಳುತ್ತಿದ್ದಳು.

ಮ್ಯಾನೇಜರ್ ಅವಳನ್ನು ಮೇಲೆ ಕರೆಸಿದ.

"ನಗಿಸಕ್ಕೆ ನಿನ್ನ ಇಟ್ಕೊಂಡಿಲ್ಲ."

"ಕೈ ಓಡ್ತಿದೆಯಲ್ಲ ಸಾರ್."

"ನಗು ಇರೋವರೆಗೆ ಓಡುತ್ತೆ. ಆಮೇಲೆ ನಿಲ್ಲುತ್ತೆ. ಉರಿ ಆಗ್ಬೇಕು. ಉರಿ ಆದ್ರೆ ನಿಲ್ಲಲ್ಲ."

ಅವನು ಗಾಜಿನ ಆಚೆ ಬೆರಳು ತೋರಿಸಿ ಒಬ್ಬೊಬ್ಬರದೇ ಹೇಳಿಕೊಟ್ಟ. ಅಗೋ ಅವಳು, ಗಂಡ ಬಿಟ್ಟವಳು. ಇಗೋ ಇವಳ ಮಗಳು ಯಾರ ಜೊತೆಗೋ ಹೋದವಳು. ಅದು ಬಂಜೆ. ಅಲ್ಲಿ ಕೊನೆಯಲ್ಲಿರುವ, ಎಲ್ಲರೂ ಅಂಟಿನಜ್ಜಿ ಎನ್ನುವ ಮುದುಕಿ ವಯಸ್ಸು ಸುಳ್ಳು ಹೇಳಿ ಉಳಿದುಕೊಂಡವಳು, ಹೆದರುತ್ತಾಳೆ. ಅಂಟಿನಜ್ಜಿಯ ಬೆರಳ ತುದಿಯ ಚರ್ಮ ಅಂಟಿಗೆ ಸವೆದು ಗೆರೆಗಳೇ ಅಳಿಸಿಹೋಗಿದ್ದವು. ಹಾಜರಿಯ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸುತ್ತಿರಲಿಲ್ಲ. ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು ತಾನು ತಾನೇ ಎಂದು ಗೋಗರೆಯಬೇಕಿತ್ತು.

"ಎಲ್ಲಿ ನೋವಿದೆಯೋ ಅಲ್ಲಿಗೆ ಹೊಡಿ," ಎಂದ ಮ್ಯಾನೇಜರ್. "ನಿನಗೆ ಹೇಳಿಕೊಡ್ಬೇಕಾ?"

ದೊಡ್ಡಬಾಯಿ ಹೊಡೆದಳು.

"ಏ ಗಂಡ ಬಿಟ್ಟವಳೇ, ಗಂಡನ್ನಂತೂ ಹಿಡಿದಿಟ್ಕೊಳಕ್ಕೆ ಆಗ್ಲಿಲ್ಲ, ಬ್ರಶ್ಶನ್ನಾದ್ರೂ ನೆಟ್ಟಗೆ ಹಿಡಿಯೇ!" ಹಾಲಿನಲ್ಲಿ ಯಾರೂ ನಗಲಿಲ್ಲ. ಆ ಹೆಂಗಸಿನ ಕತ್ತು ಕೆಳಗೆ ಹೋಯಿತು. ಕೈ ಮಾತ್ರ ಹುಚ್ಚು ಹಿಡಿದ ಹಾಗೆ ಓಡತೊಡಗಿತು. "ಏ ಮುದುಕಿ, ಬೆರಳು ಸವೆದ ಹಾಗೆ ಮೈಯೂ ಸವೆದು ಹೋಯ್ತಾ? ಹೊರಗೆ ಚಿಕ್ಕವರು ಸಾಲು ನಿಂತಿದ್ದಾರೆ ನಿನ್ನ ಜಾಗಕ್ಕೆ!" ಅಂಟಿನಜ್ಜಿಯ ಬ್ರಶ್ಶು ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಂಡು, ಎದ್ದೇಳುವಾಗ ಹಣೆಯನ್ನು ಬೆಲ್ಟಿನ ಕಬ್ಬಿಣಕ್ಕೆ ಚಚ್ಚಿಕೊಂಡು, ಹಣೆ ಒರೆಸಿಕೊಳ್ಳದೆ ಅಂಟು ಬಳಿದಳು.

ಅಂದಿನಿಂದ ಊಟಕ್ಕೆ ಅವಳು ಕೆಳಗೆ ಬಂದರೆ ಹೆಂಗಸರು ಡಬ್ಬಿ ಮುಚ್ಚಿ ಏಳುತ್ತಿದ್ದರು. ಅವಳು ಮೇಲೆಯೇ ಒಬ್ಬಳೇ ಉಣ್ಣಲು ಶುರುಮಾಡಿದಳು. ಬಾಯಿ ತಾನೇ, ಕೈ ಎತ್ತಿಲ್ಲವಲ್ಲ ಎಂದು ತನಗೇ ಹೇಳಿಕೊಂಡಳು. ಸೊಸೆ ಅಂಟಿನಿಂದ ಪಾರಾಗಿದ್ದಾಳಲ್ಲ. ಬರುವ ಕೂಸಿಗಾದರೂ ಒಳ್ಳೆಯ ಗಾಳಿ ಸಿಗುತ್ತದಲ್ಲ.

ಮಾಲು ಏರಿತು. ಬೆಲ್ಟಿನ ವೇಗ ಏರಿಸಿದರು. ಮತ್ತೆ ಏರಿಸಿದರು. ಆಮೇಲೆ ಗಡಿಯಾರ ಹೊಸ ಲೆಕ್ಕ ಹಾಕಿದ. ಇಷ್ಟು ವೇಗದಲ್ಲಿ ಇಷ್ಟು ಮಾಲು ಬರುವುದಾದರೆ ಒಂದು ಬೆಲ್ಟಿಗೆ ಇಷ್ಟು ಹೆಂಗಸರು ಯಾತಕ್ಕೆ? ಪ್ರತಿ ಸಾಲಿನಿಂದ ಕೆಲವರನ್ನು ತೆಗೆದರು. ಯಾರು ಯಾರು ಎಂದು ಮ್ಯಾನೇಜರ್ ಕಿವಿಯಲ್ಲಿ ಹೇಳಿದ, ದೊಡ್ಡಬಾಯಿ ಕೂಗಿದಳು. "ಏ ನೀನು, ಬ್ರಶ್ ಕೆಳಗಿಟ್ಟು ಹೊರಡು. ನೀನೂ." ಯಾರ ಮಗಳು ಓಡಿಹೋಗಿದ್ದಳೋ ಆ ಹೆಂಗಸು ಬ್ರಶ್ಶು ಇಟ್ಟು ಕಟ್ಟೆಯ ಕೆಳಗೆ ಬಂದು ನಿಂತು ಮೇಲೆ ನೋಡಿದಳು. ನೆಲಕ್ಕೆ ಉಗುಳಿದಳು. ಹೋದಳು.

ಆದರೆ ಅಂಟಿನ ಸಾಲಿನಲ್ಲಿ ಕೈ ಸಾಲದಾಯಿತು. ಅದನ್ನು ತುಂಬಲು ಡಬ್ಬಿ ಕಟ್ಟುವ ಕಡೆಯಿಂದ ಹೆಂಗಸರನ್ನು ತಂದರು. ಸೊಸೆ ಮತ್ತೆ ಅಂಟಿಗೆ ಬಂದಳು.

ದೊಡ್ಡಬಾಯಿ ಗಾಜಿನ ಕೋಣೆಗೆ ಓಡಿದಳು. "ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಆಗ ಆ ಜಾಗದಲ್ಲಿ ಜನ ಇದ್ರು," ಎಂದ ಮ್ಯಾನೇಜರ್. "ಜನ ಕಡಿಮೆ ಆದದ್ದು ಯಾರಿಂದ? ನಿನ್ನ ಬಾಯಿಂದಲೇ ಅಲ್ವಾ? ಚೆನ್ನಾಗಿ ಕೆಲಸ ಮಾಡ್ತಿದ್ದೀಯ. ಹೋಗು, ಕೂತ್ಕೋ."

ಅವಳು ಹೋಗಿ ಕೂತಳು.

ಮಾಲು ಕೊಳ್ಳುವ ಕಂಪನಿಯವರು ನೋಡಲು ಬಂದ ದಿನ ಬಿಸಿಲು ತಗಡನ್ನು ಸುಡುತ್ತಿತ್ತು. ಬಂದವರಿಗೆಲ್ಲ ಬಾಗಿಲಲ್ಲೇ ಮೂಗಿಗೆ ಕಟ್ಟಿಕೊಳ್ಳಲು ಬಿಳಿ ಮುಖವಸ್ತ್ರ ಕೊಟ್ಟರು. ಹೆಂಗಸರಿಗೆ ಇರಲಿಲ್ಲ. ಬಂದವರು ಹೊರಡುವವರೆಗೆ ಯಾರೂ ಜಾಗ ಬಿಡುವಂತಿಲ್ಲ ಎಂದು ಮೊದಲೇ ಹೇಳಿದ್ದರು. ಬೇರೆ ದಿನಗಳಲ್ಲಿ ಹೊರಗೆ ಹೋಗಬೇಕಾದವರು ಕೈ ಎತ್ತಬೇಕು, ದೊಡ್ಡಬಾಯಿ ತಲೆಯಾಡಿಸಿದರೆ ಹೋಗಬೇಕು. ಅಂದು ಅದೂ ಇಲ್ಲ.

ಬಂದವರು ಅಂಟಿನ ಸಾಲಿನ ಹತ್ತಿರ ಬಂದಾಗ ಸೊಸೆ ಕೈ ಎತ್ತಿದಳು.

ದೊಡ್ಡಬಾಯಿ ನೋಡಿದಳು. ಸೊಸೆಯ ಮುಖದಲ್ಲಿ ರಕ್ತವಿರಲಿಲ್ಲ. ಒಂದು ಕೈ ಮೇಲೆ, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ತುಟಿ ಕಚ್ಚಿಕೊಂಡಿದ್ದಳು. ಅವಳ ಮುಂದಿನ ಅಟ್ಟೆ ಅಂಟಿಲ್ಲದೆ ಮುಂದೆ ಹೋಯಿತು.

ಮ್ಯಾನೇಜರ್ ಕಟ್ಟೆ ಹತ್ತಿ ಕುರ್ಚಿಯ ಹಿಂದೆ ನಿಂತ. "ಸೊಸೆ ಅಂತ ಬಿಟ್ಟೆ ಅಂದ್ಕೋ, ಸಾಲೆಲ್ಲ ಕೈ ಎತ್ತುತ್ತೆ."

"ಅವಳಿಗೆ ಏನೋ ಆಗಿದೆ ಸಾರ್. ಮುಖ ನೋಡಿ."

"ನಿಂತೇ ಇದ್ದಾಳಲ್ಲ. ಇವರು ಹೋಗ್ಲಿ, ಆಮೇಲೆ ಕಳಿಸು. ಈಗ ಬಿಟ್ರೆ ನಾಳೆಯಿಂದ ಅತ್ತೆ ಸೊಸೆ ಇಬ್ರೂ ಮನೇಲೇ ಇರಿ." ಅವನ ದನಿ ಈಗಲೂ ಮೆತ್ತಗಿತ್ತು. "ಕೂಗು."

ದೊಡ್ಡಬಾಯಿ ಬಾಯಿ ತೆರೆದಳು.

"ಏ! ಲೋಕದಲ್ಲಿ ನೀನೊಬ್ಬಳೇನೇ ಬಸುರಿ? ಹೊಟ್ಟೆ ಮುಂದೆ ಬಂದ್ರೆ ಕೈ ಹಿಂದೆ ಬೀಳ್ಬೇಕಾ? ಇಳಿಸೇ ಕೈ! ಹಿಡಿಯೇ ಬ್ರಶ್ಶು!"

ಮಾತು ತಿಳಿಯದಿದ್ದರೂ ಬಂದವರಲ್ಲಿ ಒಬ್ಬ ನಕ್ಕ. ಸೊಸೆ ಮೇಲೆ ನೋಡಿದಳು. ಕೈ ಇಳಿಸಿದಳು. ಬ್ರಶ್ಶು ಹಿಡಿದಳು.

ಎಷ್ಟು ಹೊತ್ತು ನಿಂತಳೋ. ಬಿಳಿ ಮುಖವಸ್ತ್ರದವರು ಹಾಲಿನ ಆ ತುದಿ ದಾಟುವವರೆಗೆ ನಿಂತಳು. ಅವಳ ಬರಿಗಾಲಿನ ಸುತ್ತ ಸಿಮೆಂಟು ಕೆಂಪಾಗಿತ್ತು. ಪಕ್ಕದವಳು ಅದನ್ನು ನೋಡಿ ಕಿರುಚುವಷ್ಟರಲ್ಲಿ ಸೊಸೆ ಬೆಲ್ಟಿನ ಮೇಲೆ ಬೋರಲಾಗಿ ಬಿದ್ದು, ಬೆಲ್ಟು ಅವಳನ್ನು ಒಂದು ಮಾರು ಎಳೆದುಕೊಂಡು ಹೋಗಿ, ನೆಲಕ್ಕೆ ಕೆಡವಿತು. ಕೂದಲು ಅಂಟಿನ ಡಬ್ಬಿಯಲ್ಲಿ ಅದ್ದಿಹೋಯಿತು.

"ಬೆಲ್ಟ್ ನಿಲ್ಲಿಸ್ಬೇಡಿ," ಎಂದ ಮ್ಯಾನೇಜರ್. ಇಬ್ಬರು ಗಂಡಸರು ಬಂದು ಅವಳನ್ನು ತೋಳು ಹಿಡಿದು ಗೋಡೆಯ ಕಡೆಗೆ ಎಳೆದರು. ಸಾಲಿನ ಹೆಂಗಸರು ಅತ್ತ ತಿರುಗಿದರು. ಅಟ್ಟೆಗಳು ಒಂದರ ಮೇಲೊಂದು ಬಿದ್ದು ರಾಶಿಯಾಗತೊಡಗಿದವು.

"ಕೂಗು. ಎಲ್ಲರೂ ಅತ್ತ ನೋಡ್ತಿದ್ದಾರೆ. ಕೂಗು."

ಆಗಲೂ ದೊಡ್ಡಬಾಯಿ ಕೂಗಿದಳು. "ಎಲ್ಲಿ ನೋಡ್ತಿದ್ದೀರೇ? ಕಣ್ಣು ಬೆಲ್ಟಿನ ಮೇಲಿರ್ಲಿ! ಕೈ ಆಡಿಸ್ರೇ, ಕೈ!" ಬಾಯಿಂದ ಹೊರಬಿದ್ದ ಮೇಲೆ ಅದು ಅವಳ ಕಿವಿಗೆ ಬಿತ್ತು. ಹೆಂಗಸರು ಬೆಲ್ಟಿನ ಕಡೆಗೆ ತಿರುಗಿದರು.

ಸೊಸೆಯನ್ನು ಶೂ ಡಬ್ಬಿಗಳನ್ನು ಸಾಗಿಸುವ ವ್ಯಾನಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಕೆಳಗಿನ ಡಬ್ಬಿಗಳು ಹಾಳಾಗದಿರಲೆಂದು ಅವಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು. ದೊಡ್ಡಬಾಯಿಯನ್ನು ಪಾಳಿ ಮುಗಿಯುವ ಮೊದಲು ಬಿಡಲಿಲ್ಲ.

ಹೆಣ್ಣು ಕೂಸು, ಸತ್ತೇ ಹುಟ್ಟಿತ್ತು. ಬೆರಳುಗಳೆಲ್ಲ ಮೂಡಿದ್ದವು ಎಂದು ಆಸ್ಪತ್ರೆಯ ಆಯಾ ಹೇಳಿದಳು. ಸೊಸೆಯ ಅಂಟು ಹತ್ತಿದ ಕೂದಲನ್ನು ಬುಡದವರೆಗೆ ಕತ್ತರಿಸಿದ್ದರು. ಮಗ ಬಂದ. ಯಾರೋ ಎಲ್ಲವನ್ನೂ ಹೇಳಿದ್ದರು. ತಾಯಿಯ ಮುಖ ನೋಡದೆ ಹೆಂಡತಿಯ ತಲೆ ಸವರಿ, ಲಾರಿ ಕಾಯುತ್ತಿದೆ ಎಂದು ಹೊರಟುಹೋದ.

ಮನೆಯಲ್ಲಿ ದೊಡ್ಡಬಾಯಿ ಗಂಜಿ ಕಾಸಿ ತಂದಿಟ್ಟಳು. ಸೊಸೆ ಮುಟ್ಟಲಿಲ್ಲ. ನೀರು ಕೊಟ್ಟಳು. ಸೊಸೆ ಎದ್ದು ಹೋಗಿ ತಾನೇ ಬೇರೆ ತುಂಬಿಕೊಂಡು ಕುಡಿದಳು.

"ಅವನು ಹಿಂದೆ ನಿಂತಿದ್ದ ಕಣೇ. ಇಬ್ಬರದೂ ಕೆಲ್ಸ ಹೋಗುತ್ತೆ ಅಂದ."

ಸೊಸೆ ಗೋಡೆ ನೋಡುತ್ತಿದ್ದಳು.

"ಮಾತಾಡೇ. ಬೈಯೇ ನನಗೆ."

"ಬೈಯೋದು ನಿಮ್ಮ ಕೆಲ್ಸ," ಎಂದಳು ಸೊಸೆ. ಅತ್ತೆಯ ಕಡೆ ತಿರುಗಿದಳು. "ಮೊದ್ಲು ಕೂಗಿದ್ದು ಬಿಡಿ ಅತ್ತೆ. ಅವನು ಹೆದರಿಸಿದ. ನಾನು ಬಿದ್ದ ಮೇಲೂ ಕೂಗಿದ್ರಲ್ಲ. ಅದು ಯಾಕೆ?"

ದೊಡ್ಡಬಾಯಿ ಮುಟ್ಟದ ಗಂಜಿಯನ್ನು ಎತ್ತಿಕೊಂಡು ಹೋಗಿ ಒಲೆಯ ಬಳಿ ಇಟ್ಟಳು.

ವಾರ ಕಳೆಯುವ ಮೊದಲೇ ಸೊಸೆ ಕೆಲಸಕ್ಕೆ ಹೊರಟಳು. ಇಲ್ಲದಿದ್ದರೆ ಜಾಗ ಹೋಗುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು ಅದೇ ಜಾಗದಲ್ಲಿ ನಿಂತಳು. ದೊಡ್ಡಬಾಯಿ ಕಟ್ಟೆ ಹತ್ತಿದಳು. ಬೆಲ್ಟು ಹೊರಟಿತು. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಬಾಯಿ ತೆರೆಯಲಿಲ್ಲ. ಹೆಂಗಸರು ಒಮ್ಮೊಮ್ಮೆ ಮೇಲೆ ನೋಡಿದರು, ಏಟು ಬೀಳಬೇಕಿತ್ತು, ಬೀಳಲಿಲ್ಲ ಎಂಬಂತೆ.

ಮ್ಯಾನೇಜರ್ ಬಂದ. "ಗಂಟಲು ಕಟ್ಟಿದೆಯಾ? ಬಿಸಿನೀರು ತರಿಸ್ಲಾ?"

"ಕಟ್ಟಿಲ್ಲ."

"ಮತ್ತೆ?"

"ಕೂಗಲ್ಲ."

"ನೋವಿರುತ್ತೆ. ಗೊತ್ತು. ಎರಡು ದಿನ ಬೇಕಾದ್ರೆ ರಜೆ..."

"ರಜೆ ಬೇಡ. ಗಂಟಲು ಚೆನ್ನಾಗಿದೆ. ಕೂಗಕ್ಕೆ ಬರುತ್ತೆ. ಕೂಗಲ್ಲ ಅಂದೆ." ಇದನ್ನು ಅವಳು ಕೂಗದೆ ಹೇಳಿದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ.

ಮ್ಯಾನೇಜರನಿಗೆ ಸಿಟ್ಟು ಬರಲಿಲ್ಲ. ನಗು ಬಂತು. "ಬೇಡ ಬಿಡು. ಪಕ್ಕದ ಎರಡನೇ ಶೆಡ್ಡಿನಲ್ಲಿ ತಿಂಗಳಿಂದ ಯಾರು ಕೂಗ್ತಿರೋದು ಅಂದ್ಕೊಂಡಿದ್ದೀಯ? ನೀನೇ. ಅಲ್ಲಿಗೆ ಇನ್ನೊಬ್ಬಳನ್ನ ಯಾಕೆ ಇಡೋದು ಅಂತ ನಿನ್ನ ದನಿ ಮೊದಲ ವಾರವೇ ಯಂತ್ರದಲ್ಲಿ ಹಿಡಿದಿಡಕ್ಕೆ ಶುರುಮಾಡಿದ್ವಿ. ಈಗ ಇಲ್ಲೂ ಅದನ್ನೇ ಹಾಕೋದು. ಅದಕ್ಕೆ ಸಂಬಳ ಬೇಡ, ಟೀ ಬೇಡ, ಸೊಸೆ ಇಲ್ಲ." ಕಾವಲುಗಾರನಿಗೆ ಸನ್ನೆ ಮಾಡಿದ. "ಇಳಿಸಿ ಇವಳನ್ನ."

ಅವಳನ್ನು ಗೇಟಿನಿಂದ ಆಚೆಗೆ ತಳ್ಳಿದರು. ಇನ್ನೂ ರಸ್ತೆ ದಾಟಿರಲಿಲ್ಲ, ಹಿಂದಿನಿಂದ ಅವಳ ದನಿ ಕೇಳಿಸಿತು. ಹಾಲಿನ ನಾಲ್ಕು ಮೂಲೆಯ ಧ್ವನಿವರ್ಧಕಗಳಿಂದ, ಅವಳು ಎಂದೂ ಕೂಗದಷ್ಟು ಗಟ್ಟಿಯಾಗಿ. ಏ ಗಂಡ ಬಿಟ್ಟವಳೇ. ಏ ಮುದುಕಿ. ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. ಗಾಡಿಯವರು ಬೈದುಕೊಂಡು ಬಳಸಿ ಹೋದರು.

ಸಂಜೆ ಸೊಸೆ ಬಂದು ಹೊಸಿಲ ಮೇಲೆ ಕೂತಳು. ತಲೆಯ ಬಟ್ಟೆ ಬಿಚ್ಚಿದಳು.

"ಅದನ್ನೂ ಹಾಕಿದ್ರು," ಎಂದಳು.

"ಯಾವುದನ್ನ?"

"ಲೋಕದಲ್ಲಿ ನೀನೊಬ್ಬಳೇನೇ ಬಸುರಿ ಅಂದದ್ದು. ಸುತ್ತಿ ಸುತ್ತಿ ಬರುತ್ತೆ. ಅದು ಬರೋ ಹೊತ್ತಿಗೆ ಎಲ್ಲರ ಕೈ ಜೋರಾಗುತ್ತೆ. ನಂದೂ ಆಗುತ್ತೆ."

ದೊಡ್ಡಬಾಯಿ ಸೊಸೆಯನ್ನು ದಾಟಿಕೊಂಡು ಹೊರಗೆ ಹೋಗಿ ಚರಂಡಿಯ ಅಂಚಿನಲ್ಲಿ ಕೂತು ಕಾರಿಕೊಂಡಳು.

ಮರುದಿನ ಸೊಸೆ ಹೋದ ಮೇಲೆ ಅವಳೂ ಹೊರಟಳು. ಗೇಟಿನ ಕಡೆ ಹೋಗಲಿಲ್ಲ. ಫ್ಯಾಕ್ಟರಿಯ ಹಿಂದೆ ಕತ್ತರಿಸಿ ಉಳಿದ ಚರ್ಮದ ಚೂರುಗಳನ್ನು ಸುರಿಯುವ ಗುಡ್ಡೆ ಇತ್ತು. ಗುಡ್ಡೆಯ ಮೇಲೆ, ಗೋಡೆಯಲ್ಲಿ ಗಾಳಿಕಿಂಡಿಗಳು. ಕೊಳೆತ ಚರ್ಮದಲ್ಲಿ ಮೊಣಕಾಲವರೆಗೆ ಹೂತು, ಎದ್ದು, ಕೈಯೂರಿ ಹತ್ತಿದಳು. ಒಳಗೆ ಅವಳ ದನಿ ಬೈಯುತ್ತಲೇ ಇತ್ತು. ಕಿಂಡಿಗೆ ಬಾಯಿ ಕೊಟ್ಟಳು.

"ಕೇಳ್ರೇ! ಒಳಗೆ ಕೂಗ್ತಿರೋದು ನಾನಲ್ಲ ಅಂತ ಹೇಳಕ್ಕೆ ಬಂದಿಲ್ಲ! ನಾನೇ ಅದು! ನನ್ನ ಮೊಮ್ಮಗಳನ್ನ ತಿಂದದ್ದು ಇದೇ ಬಾಯಿ! ಇದೇ ಬಾಯಿ ಈಗ ಹೇಳ್ತಿದೆ, ಕೈ ಬಿಡ್ರೇ! ಬ್ರಶ್ಶು ಕೆಳಗಿಡ್ರೇ!"

ಬೆಲ್ಟು ಓಡುತ್ತಿತ್ತು. ಒತ್ತುವ ಯಂತ್ರ ದಡ್ ದಡ್ ಎನ್ನುತ್ತಿತ್ತು.

ಹೆಸರು ಹಿಡಿದು ಕರೆದರೆ ಕೇಳಿಯಾರು ಎನ್ನಿಸಿತು. ಬಾಯಿ ತೆರೆದವಳು ಹಾಗೇ ನಿಂತಳು. ಇಷ್ಟು ದಿನ ಎದುರಿಗೆ ಕೂತು ಬೈದವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವರ ಗಾಯಗಳು.

"ನನ್ನವ್ವಂದಿರಾ!" ಎಂದಳು. ದನಿ ಒಡೆಯಿತು. "ನನ್ನ ತಾಯಂದಿರಾ! ಬೆಲ್ಟು ನಿಲ್ಲಿಸ್ರೇ! ಆ ದಿನ ನಾನು ನಿಲ್ಲಿಸ್ಲಿಲ್ಲ! ನೀವಾದ್ರೂ ನಿಲ್ಲಿಸ್ರೇ!"

ಒಳಗಿನ ದನಿ ಕೈ ಆಡಿಸ್ರೇ ಎನ್ನುತ್ತಿತ್ತು. ಹೊರಗಿನ ದನಿ ಕೈ ಬಿಡ್ರೇ ಎನ್ನುತ್ತಿತ್ತು. ಎರಡೂ ಒಂದೇ ಗಂಟಲು. ಅವಳು ಕೂಗಿದಳು. ಕಣ್ಣ ಮುಂದೆ ಕಪ್ಪು ಕಟ್ಟುವವರೆಗೆ ಕೂಗಿದಳು. ಗಂಟಲಿನಲ್ಲಿ ಏನೋ ಹರಿದ ಹಾಗಾಗಿ ಬಾಯಿಗೆ ರಕ್ತದ ರುಚಿ ಬಂತು. ಉಗುಳಿ ಮತ್ತೆ ಕೂಗಿದಳು.

ಕಾವಲುಗಾರರು ಗುಡ್ಡೆ ಹತ್ತಿ ಬಂದರು. ಕಾಲು ಹಿಡಿದು ಕೆಳಗೆಳೆದರು. ಗೇಟಿನವನು, ಅಂದು ನಕ್ಕಿದ್ದವನು, ದೊಣ್ಣೆಯಿಂದ ಮಂಡಿಗೆ ಹೊಡೆದ. ಅವಳು ಕೂಗು ನಿಲ್ಲಿಸಲಿಲ್ಲ. ಬೆನ್ನಿಗೆ ಹೊಡೆದ. ನಿಲ್ಲಿಸಲಿಲ್ಲ. ಆಗ ಅವನು ದೊಣ್ಣೆಯನ್ನು ಅಡ್ಡ ಹಿಡಿದು ಅವಳ ಗಂಟಲ ಮೇಲಿಟ್ಟು, ಮೇಲೆ ಮೊಣಕಾಲೂರಿದ. ಏನೋ ಲಟಕ್ ಎಂದಿತು. ಅವಳ ಬಾಯಿ ತೆರೆದೇ ಇತ್ತು. ದನಿ ಬರಲಿಲ್ಲ.

ಆಗ ಅವಳಿಗೆ ತಿಳಿಯಿತು, ಒತ್ತುವ ಯಂತ್ರದ ಸದ್ದೂ ಇರಲಿಲ್ಲ.

ಹಿಂಬಾಗಿಲಿನ ಚಿಲಕ ಒಳಗಿನಿಂದ ಸಿಡಿಯಿತು. ಹೆಂಗಸರು ಬಂದರು. ಬರಿಗಾಲು, ಅಂಟು ಮೆತ್ತಿದ ಕೈಗಳು. ಮುಂದೆ ಗಂಡ ಬಿಟ್ಟವಳಿದ್ದಳು. ಅವಳ ಕೈಯಲ್ಲಿ ಶೂ ಕೂರಿಸುವ ಕಬ್ಬಿಣದ ಅಚ್ಚಿತ್ತು. ಕಾವಲುಗಾರರು ಅವರನ್ನೂ, ಅವರ ಹಿಂದೆ ಬರುತ್ತಲೇ ಇದ್ದವರನ್ನೂ ನೋಡಿದರು. ಗೇಟಿನವನು ಮೊಣಕಾಲು ತೆಗೆದ. ದೊಣ್ಣೆ ಬಿಟ್ಟು ಹಿಂದೆ ಸರಿದ.

ಯಾರೂ ದೊಡ್ಡಬಾಯಿಯನ್ನು ಎತ್ತಲು ಬಗ್ಗಲಿಲ್ಲ. ಸುತ್ತ ನಿಂತು ನೋಡಿದರು. ಅಂಟಿನಜ್ಜಿ ಅವಳ ಮುಖದ ಪಕ್ಕದಲ್ಲೇ ಉಗುಳಿದಳು. ಅದು ತನಗೆ ಸಲ್ಲಬೇಕಾದದ್ದೇ ಎಂದು ದೊಡ್ಡಬಾಯಿ ಕಣ್ಣು ಮುಚ್ಚಲಿಲ್ಲ.

ಸೊಸೆ ಅವರ ನಡುವಿನಿಂದ ಬಂದಳು. ಚರ್ಮದ ಚೂರುಗಳ ಮೇಲೆ ಮಂಡಿಯೂರಿ ಕೂತಳು. ಕೈ ಎತ್ತಿ ಅತ್ತೆಯ ಕೆನ್ನೆಗೆ ಬಾರಿಸಿದಳು. ತನ್ನ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಬಾರಿಸಿದಳು. ಅಂಟಿನ ಅಂಗೈ ಕೆನ್ನೆಗೆ ಹತ್ತಿಕೊಂಡು, ಕೀಳುವಾಗ 'ಚರ್' ಎಂದು ಚರ್ಮವನ್ನೂ ಎಳೆಯಿತು.

"ಇದು ನನ್ನ ಮಗಳದ್ದು," ಎಂದಳು.

ದೊಡ್ಡಬಾಯಿ ತಲೆಯಾಡಿಸಿದಳು.

ಆಮೇಲೆ ಸೊಸೆ ಅದೇ ಕೈಯನ್ನು ಅವಳ ಕಂಕುಳಿಗೆ ಹಾಕಿದಳು. "ಏಳಿ. ಎರಡನೇ ಶೆಡ್ಡು ಇನ್ನೂ ಓಡ್ತಿದೆ."

ದೊಡ್ಡಬಾಯಿ ಗಂಟಲು ತೋರಿಸಿದಳು. ಕೂಗಲಾರೆ ಎಂದು ಕೈ ಅಲ್ಲಾಡಿಸಿದಳು.

"ಬೇಡ. ನಾವು ಕೂಗ್ತೀವಿ. ನೀವು ಬನ್ನಿ ಅಷ್ಟೇ. ಅಲ್ಲಿರೋ ಹೆಂಗ್ಸರು ನಿಮ್ಮ ಮುಖ ನೋಡ್ಲಿ."

ಇನ್ನೊಂದು ಕಡೆಯಿಂದ ಗಂಡ ಬಿಟ್ಟವಳು ತೋಳಿಗೆ ಕೈ ಹಾಕಿದಳು, ಮುಖ ಆಚೆ ತಿರುಗಿಸಿಕೊಂಡೇ. ದೊಣ್ಣೆಯ ಏಟಿಗೆ ದೊಡ್ಡಬಾಯಿಯ ಮಂಡಿ ನಿಲ್ಲುತ್ತಿರಲಿಲ್ಲ. ಇಬ್ಬರೂ ಅವಳನ್ನು ಅರ್ಧ ಎತ್ತಿ, ಅರ್ಧ ಎಳೆದುಕೊಂಡು ಹೊರಟರು. ಹಿಂದೆ ಹೆಂಗಸರು. ದೂರದಲ್ಲಿ ಗಾಜಿನ ಕೋಣೆಯ ಕಿಟಕಿ ತೆರೆದು ಮ್ಯಾನೇಜರ್ ಏನೋ ಹೇಳುತ್ತಿದ್ದ. ದನಿ ಎತ್ತಿ ಅಭ್ಯಾಸವಿಲ್ಲದವನು, ಏನು ಹೇಳಿದನೋ ಯಾರಿಗೂ ಕೇಳಿಸಲಿಲ್ಲ.

ಎರಡನೇ ಶೆಡ್ಡಿನ ಒಳಗಿನಿಂದ ದೊಡ್ಡಬಾಯಿಯ ದನಿ ಅವರೆಲ್ಲರನ್ನೂ ಬಾಯಿಗೆ ಬಂದಂತೆ ಬೈಯುತ್ತಿತ್ತು. ಅವರು ಅದರ ಕಡೆಗೇ ನಡೆದರು.